ಮೇಲಿನ ಡ್ರಮ್ಮಿನವಳು, ಕೆಳಗಿನ ಡ್ರಮ್ಮಿನವನು

ಗುಬ್ಬಿ ಅವಳ ನಿಜವಾದ ಹೆಸರಲ್ಲ. ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ದುಡಿದರೂ ಹಾಜರಿ ಪುಸ್ತಕದಲ್ಲಿದ್ದ ಹೆಸರಿನಿಂದ ಅವಳನ್ನು ಯಾರೂ ಕರೆಯಲಿಲ್ಲ. ಒಮ್ಮೆ ಹೊಸದಾಗಿ ಬಂದ ಗುಮಾಸ್ತನೊಬ್ಬ ಆ ಹೆಸರು ಹಿಡಿದು ಕೂಗಿದಾಗ ಅವಳೇ ಹಿಂದೆ ತಿರುಗಿ, ಯಾರಪ್ಪಾ ಅದು ಎಂದು ನೋಡಿದ್ದಳಂತೆ. ಐದಡಿಗೆ ಎರಡು ಬೆರಳು ಕಡಿಮೆ ಎತ್ತರ. ಒಂದು ಕೈಯಲ್ಲಿ ಎತ್ತಿ ಪಕ್ಕಕ್ಕೆ ಇಡಬಹುದಾದಂಥ ಮೈ. ಮಾತು ಮಾತ್ರ ಬಾಯ್ಲರಿನ ಸದ್ದನ್ನೂ ಮೀರಿ ಕೇಳುವಂಥದ್ದು.

ಹತ್ತೊಂಬತ್ತನೇ ವಯಸ್ಸಿನಲ್ಲಿ ಅವಳು ಅಲ್ಲಿಗೆ ಸೇರಿದ್ದು ಕಸ ಗುಡಿಸಲು. ಅಪ್ಪ ಅಮ್ಮ ಇಲ್ಲದ ಹುಡುಗಿ, ಅಕ್ಕ ಭಾವನ ಮನೆಯಲ್ಲಿದ್ದಳು. ಕಾರ್ಖಾನೆಯ ಹಿಂಭಾಗದಲ್ಲಿ ಬಾಯ್ಲರ್ ಮನೆ. ಆರು ತಿಂಗಳಿಗೊಮ್ಮೆ ಬಾಯ್ಲರನ್ನು ಆರಿಸಿ, ಎರಡು ದಿನ ತಣ್ಣಗಾಗಲು ಬಿಟ್ಟು, ಒಳಗೆ ಕಟ್ಟಿಕೊಂಡ ಸುಣ್ಣವನ್ನು ಕೆರೆದು ತೆಗೆಯಬೇಕಾಗುತ್ತಿತ್ತು. ಆ ಊರಿನ ನೀರು ಅಂಥದ್ದು. ಟೀ ಕಾಯಿಸುವ ಪಾತ್ರೆಯ ತಳದಲ್ಲೇ ತಿಂಗಳೊಪ್ಪತ್ತಿನಲ್ಲಿ ಬಿಳಿ ಪದರ ಕೂರುತ್ತಿತ್ತು. ಹಗಲು ರಾತ್ರಿ ಕುದಿಯುವ ಬಾಯ್ಲರಿನ ಪಾಡು ಕೇಳಬೇಕೆ? ಇಂಜಿನಿಯರುಗಳು ಅದನ್ನು ಸ್ಕೇಲು ಎನ್ನುತ್ತಿದ್ದರು. ಆ ಕೆಲಸದ ಹಿರಿಯನಾಗಿದ್ದ ಮೇಸ್ತ್ರಿ ಮಾತ್ರ ಕಲ್ಲು ಎನ್ನುತ್ತಿದ್ದ.

ಆ ಸಲ ಮೇಸ್ತ್ರಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಬಾಯ್ಲರಿನ ಒಳಗೆ ಇಳಿಯಲು ಇರುವುದು ಮೊಟ್ಟೆಯಾಕಾರದ ಒಂದು ಕಿಂಡಿ, ಉದ್ದ ಒಂದೂಕಾಲು ಅಡಿ, ಅಗಲ ಒಂದೇ ಅಡಿ. ಅದರಲ್ಲಿ ಇಳಿಯುತ್ತಿದ್ದ ಆಳು ಮದುವೆಯಾದ ಮೇಲೆ ವರ್ಷದೊಳಗೆ ಉಬ್ಬಿ ಪೀಪಾಯಿಯಾಗಿದ್ದ. ತಲೆ ಹೋಯಿತು, ಒಂದು ಭುಜ ಹೋಯಿತು, ಆಮೇಲೆ ಹೊಟ್ಟೆ ಬೇಡ ಅಂದುಬಿಟ್ಟಿತು. ಅಲ್ಲೇ ಪೊರಕೆ ಹಿಡಿದು ನಿಂತು ಈ ತಮಾಷೆ ನೋಡುತ್ತಿದ್ದ ಹುಡುಗಿಯ ಮೇಲೆ ಮೇಸ್ತ್ರಿಯ ಕಣ್ಣು ಬಿತ್ತು.

"ಏನಮ್ಮಾ, ನಗ್ತಾ ನಿಂತಿದ್ದೀಯಲ್ಲ, ನೀನು ತೂರ್ತೀಯಾ ಇದ್ರಲ್ಲಿ?"

"ತಲೆ ತೂರಿದ್ರೆ ಮೈಯೂ ತೂರತ್ತೆ ಮೇಸ್ತ್ರಿಗಳೇ. ನಮ್ಮಕ್ಕನ ಮನೆ ಬೆಕ್ಕಿಂದೂ ಅದೇ ಲೆಕ್ಕ."

"ಬೆಕ್ಕಲ್ಲ ನೀನು, ಗುಬ್ಬಿ. ಪೊರಕೆ ಆ ಕಡೆ ಇಡು."

ಹೆಸರೂ ಕೆಲಸವೂ ಒಂದೇ ಗಳಿಗೆಯಲ್ಲಿ ಅಂಟಿಕೊಂಡದ್ದು ಹೀಗೆ.

ಒಳಗೆ ಹೋದ ಮೊದಲ ದಿನ ಅವಳಿಗೆ ಭಯವಾಗಲಿಲ್ಲ, ಆಶ್ಚರ್ಯವಾಯಿತು. ಮೇಲೊಂದು ದೊಡ್ಡ ಡ್ರಮ್ಮು, ಕೆಳಗೊಂದು ಚಿಕ್ಕ ಡ್ರಮ್ಮು, ಎರಡರ ನಡುವೆ ನೂರ ಎಂಬತ್ತು ಕೊಳವೆಗಳು. ಒಂಬತ್ತು ಸಾಲು, ಸಾಲಿಗೆ ಇಪ್ಪತ್ತು. ಕೊಳವೆಗಳ ಒಳಗೆ ನೀರು, ಹೊರಗೆ ಬೆಂಕಿ. ಮೇಲಿನ ಡ್ರಮ್ಮಿನಲ್ಲಿ ಮೊಣಕಾಲೂರಿ ಕೂತು ಲೈಟು ಹಿಡಿದರೆ ಸುತ್ತಲೂ ಬೂದಿ ಬೆರೆತ ಬಿಳುಪು, ಮೊಟ್ಟೆಯ ಚಿಪ್ಪಿನೊಳಗೆ ಕೂತ ಹಾಗೆ. ಉಗುರಲ್ಲಿ ಕೆರೆದರೆ ಬರುವಂಥದ್ದಲ್ಲ. ಹೊರಗಿನಿಂದ ಮೇಸ್ತ್ರಿ ಕಿಂಡಿಗೆ ಬಾಯಿಟ್ಟು ಪಾಠ ಹೇಳುತ್ತಿದ್ದ: "ಈ ಕಲ್ಲು ಒಂದು ರೂಪಾಯಿ ನಾಣ್ಯದಷ್ಟು ದಪ್ಪ ಕೂತರೆ ಸಾಕು, ಬೆಂಕಿಯ ಕಾವು ನೀರಿಗೆ ಮುಟ್ಟಲ್ಲ. ಕೊಳವೆ ತಾನೇ ಕಾದು ಕೆಂಪಗಾಗತ್ತೆ. ಕೆಂಪಗಾದದ್ದು ಒಂದಿನ ಒಡೆಯತ್ತೆ. ಒಡೆದಾಗ ಎದುರಿಗೆ ಯಾರಿರ್ತಾರೋ ಅವರ ಹಣೆಬರಹ. ತಿಳೀತಾ?"

"ತಿಳೀತು."

"ತಿಳಿದಿದ್ರೆ ಮೊದಲನೇ ಸಾಲಿಂದ ಶುರು ಮಾಡು."

ಪ್ರತಿ ಕೊಳವೆಗೂ ಹಲ್ಲುಗಾಲಿಯಂಥ ಕೊರೆಯುವ ತಲೆ ಇಳಿಸಬೇಕು, ಆಮೇಲೆ ತಂತಿಯ ಬ್ರಶ್ಶು, ಆಮೇಲೆ ನೀರು. ಮೊಂಡು ಸುಣ್ಣಕ್ಕೆ ಆಸಿಡ್ ತುಂಬಿಸಿ ಪಂಪಿನಲ್ಲಿ ತಿರುಗಿಸುವುದು. ಅದು ನೊರೆಯೆದ್ದು, ನೊರೆ ಇಳಿದು ಸುಮ್ಮನಾಗುವವರೆಗೂ ಕಣ್ಣಲ್ಲಿ ಕಣ್ಣಿಟ್ಟು ಕಾಯುವುದು. ಕೊನೆಗೆ ಸೋಡಾ ನೀರಿನಲ್ಲಿ ತೊಳೆಯುವುದು. ಬಣ್ಣದ ನೀರು ಕಾಯಿಸುವ ಹೀಟ್ ಎಕ್ಸ್‌ಚೇಂಜರುಗಳು ಬೇರೆ ಇದ್ದವು. ಅವುಗಳ ಮುಚ್ಚಳ ಬಿಚ್ಚಿದರೆ ಜೇನುಗೂಡಿನ ಹಾಗೆ ನೂರಾರು ತೂತು, ಅರ್ಧಕ್ಕರ್ಧ ಸುಣ್ಣ ಮೆತ್ತಿಕೊಂಡದ್ದು. ಎರಡಾಳುದ್ದದ ಸಲಾಕೆಯಲ್ಲಿ ಒಂದೊಂದನ್ನೂ ತಿವಿದು ಬಿಡಿಸಬೇಕು. ಎರಡು ವರ್ಷದಲ್ಲಿ ಗುಬ್ಬಿ ಈ ಕೆಲಸದಲ್ಲಿ ಎತ್ತಿದ ಕೈ ಆದಳು. ಕೊಳವೆಯ ಬಾಯಿಗೆ ಸ್ಪ್ಯಾನರಿನಿಂದ ತಟ್ಟಿ, ಸದ್ದು ಕೇಳಿಯೇ ಎಲ್ಲಿ ಎಷ್ಟು ಉಳಿದಿದೆಯೆಂದು ಹೇಳುತ್ತಿದ್ದಳು. ಸುಣ್ಣ ಇರುವ ಕೊಳವೆ ನೆಗಡಿಯಾದವರ ಹಾಗೆ ಮಾತಾಡುತ್ತೆ ಎನ್ನುವುದು ಅವಳ ವಿವರಣೆ.

ಎಲ್ಲ ಮುಗಿದ ಮೇಲೆ ಇರುತ್ತಿದ್ದದ್ದು ಗೋಲಿಯ ಪರೀಕ್ಷೆ. ಹೆಸರಿಗೆ ಗೋಲಿ, ನಿಜವಾಗಿ ನೇರಳೆ ಹಣ್ಣಿನಷ್ಟಿದ್ದ ಉಕ್ಕಿನ ಗುಂಡು. ಎಣಿಸಿದ ನೂರ ಎಂಬತ್ತು ಗುಂಡುಗಳನ್ನು ಅವಳು ಮೇಲಿನ ಡ್ರಮ್ಮಿನಿಂದ ಕೊಳವೆಗೊಂದರಂತೆ ಬಿಡಬೇಕು. ಕೆಳಗಿನ ಡ್ರಮ್ಮಿನಲ್ಲಿ ಮಲಗಿದವನು ಆ ಕೊಳವೆಯ ಬಾಯಿಗೆ ಅಂಗೈ ಒಡ್ಡಿ ಹಿಡಿದು "ಬಂತು" ಅನ್ನಬೇಕು. ಬಂದರೆ ದಾರಿ ಸಲೀಸು. ಬರದಿದ್ದರೆ ಎಲ್ಲೋ ಅಡ್ಡಿಯಿದೆ. ಒಳಗೆ ಹೋದದ್ದು ಒಂದು ಬ್ರಶ್ಶಿನ ಕೂದಲಾದರೂ ಸರಿ, ಲೆಕ್ಕ ಹಾಕಿ ಹೊರಗೆ ಬರುವವರೆಗೆ ಕಿಂಡಿ ಮುಚ್ಚುವ ಹಾಗಿಲ್ಲ ಎನ್ನುವುದು ಮೇಸ್ತ್ರಿಯ ಕಟ್ಟಪ್ಪಣೆ.

ಕೆಳಗೆ ಮಲಗುತ್ತಿದ್ದವನನ್ನು ಎಲ್ಲರೂ ಹೂಂ ಫಿಟ್ಟರ್ ಎನ್ನುತ್ತಿದ್ದರು. ಊಟ ಆಯ್ತಾ ಅಂದರೆ ಹೂಂ. ಆಗಿಲ್ವಾ ಅಂದರೂ ಹೂಂ. ಬಾಯಿ ಬಿಟ್ಟರೆ ಮುತ್ತು ಉದುರಿ ಹೋಗುತ್ತದೇನೋ ಎನ್ನುವಂಥ ಮನುಷ್ಯ. ಗುಬ್ಬಿಗಿಂತ ಎಂಟು ವರ್ಷ ದೊಡ್ಡವನು. ಹೆಂಡತಿ ಕಾಯಿಲೆಯಲ್ಲಿ ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು. ಅವನ ಬಾಯಿಂದ ಗುಬ್ಬಿ ಮೊದಲು ಕೇಳಿದ ಮಾತೇ "ಬಂತು". ಒಂದು ದಿನಕ್ಕೆ ನೂರ ಎಂಬತ್ತು ಸಲ. ಅವನ ಮಟ್ಟಿಗೆ ಅದು ಭಾಷಣವೇ ಸರಿ.

ಕೊಳವೆಗಳಿಗೆ ಒಂದು ಗುಣವಿತ್ತು. ಮೇಲೆ ಬಾಯಿಟ್ಟು ಪಿಸುಗುಟ್ಟಿದರೂ ಕೆಳಗೆ ಕಿವಿಯ ಪಕ್ಕದಲ್ಲೇ ಹೇಳಿದಷ್ಟು ಸ್ಪಷ್ಟವಾಗಿ ಕೇಳುತ್ತಿತ್ತು. ಹೊರಗೆ ಕೂತ ಮೇಸ್ತ್ರಿಗೆ ಮಾತ್ರ ಗೊತ್ತಾಗುತ್ತಿರಲಿಲ್ಲ. ಗುಬ್ಬಿ ಇದನ್ನು ಕಂಡುಕೊಂಡ ಮೇಲೆ ಸುಮ್ಮನಿರುವುದು ಹೇಗೆ? "ಕೆಳಗೆ ಸೆಖೆಯಾ?" ಎಂದು ಕೇಳುವಳು. "ಹೂಂ." "ಮೇಲೂ ಅಷ್ಟೆ." "ಹೂಂ." ಮೂರು ವರ್ಷ ಹೀಗೆ ನಡೆಯಿತು. ಗಟ್ಟಿ ಸುಣ್ಣ ಒಡೆಯಲು ಗಾಳಿಯ ಒತ್ತಡದಲ್ಲಿ ಓಡುವ ಗಾಳಿ ಸುತ್ತಿಗೆಯೊಂದಿತ್ತು; ಅದನ್ನು ಹಿಡಿಯುವ ಸರದಿ ಅವಳದಾದಾಗ ಅವನು ಒಂದು ಮಾತೂ ಆಡದೆ ಬಂದು ಅದನ್ನು ಅವಳ ಕೈಯಿಂದ ತೆಗೆದುಕೊಳ್ಳುತ್ತಿದ್ದ. ಆ ಸುತ್ತಿಗೆ ಅವಳಿಗಿಂತ ತೂಕವಿತ್ತು, ಹಿಡಿದವರ ಹಲ್ಲು ಕೂಡ ಕಟಕಟ ಎನ್ನುತ್ತಿತ್ತು. ಅವಳಿಗೆ ಇದು ಕಾಣಿಸದೆ ಇರಲಿಲ್ಲ.

ಒಂದು ದಿನ ಅವಳು ನಾಲ್ಕನೇ ಸಾಲಿನ ಕೊಳವೆಯೊಂದರಲ್ಲಿ ಗುಂಡಿನ ಬದಲು ಕಾಗದ ಸುತ್ತಿದ ಪೆಪ್ಪರಮೆಂಟು ಬಿಟ್ಟಳು. ಕೆಳಗೆ ಸದ್ದಿಲ್ಲ. ಅಂಟಿಕೊಂಡಿತೋ, ಮೇಸ್ತ್ರಿಗೆ ಏನು ಹೇಳುವುದಪ್ಪಾ ಎಂದು ಅವಳು ಅಂದುಕೊಳ್ಳುತ್ತಿರುವಾಗ, ಸ್ವಲ್ಪ ಹೊತ್ತಿನ ಮೇಲೆ, ಬಾಯಲ್ಲಿ ಏನೋ ಇಟ್ಟುಕೊಂಡವನ ದನಿಯಲ್ಲಿ "ಬಂತು" ಎಂದು ಕೇಳಿಸಿತು. ಆಮೇಲೆ, ಅದೇ ಕೊಳವೆಯಲ್ಲಿ, ಅವನು ಆವರೆಗೆ ಆಡಿದ್ದರಲ್ಲೇ ಉದ್ದದ ಮಾತು ಬಂತು.

"ನನಗೆ ಒಬ್ಬಳು ಮಗಳಿದ್ದಾಳೆ. ಎಂಟು ವರ್ಷ."

"ಗೊತ್ತು," ಎಂದಳು ಗುಬ್ಬಿ. "ಅವಳಿಗೂ ಒಂದು ಇಟ್ಕೊಂಡಿದ್ದೀನಿ."

ಮದುವೆಯ ವಿಷಯ ಕೇಳಿ ಅಕ್ಕ ಕೆಂಡವಾದಳು. "ಎರಡನೇ ಸಂಬಂಧ. ಹೋದ ದಿನವೇ ಮಲತಾಯಿ ಅನ್ನೋ ಪಟ್ಟ. ನಿನಗೇನು ಗಂಡು ಸಿಗ್ತಿರಲಿಲ್ವೇನೇ? ಅದೂ ಆ ಮೂಗನ ಜೊತೆ ಹೇಗೇ ಬಾಳ್ತೀಯಾ?"

"ನಾನು ಮಾತಾಡ್ತೀನಲ್ಲಕ್ಕ, ಒಂದು ಮನೆಗೆ ಅಷ್ಟು ಸಾಲದಾ?"

ಅಕ್ಕನಿಗೆ ನಗು ಬಂದುಬಿಟ್ಟಿತು. ನಗು ಬಂದ ಮೇಲೆ ಜಗಳ ಎಲ್ಲಿ ಉಳಿಯುತ್ತದೆ? ಮದುವೆ ಸರಳವಾಗಿ ಆಯಿತು.

ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ. ಹುಡುಗಿ ಗುಬ್ಬಿಯನ್ನು ಬೇಡ ಎನ್ನಲಿಲ್ಲ, ಬೇಕು ಎಂದೂ ಅನ್ನಲಿಲ್ಲ. ನೆಂಟರ ಮನೆಗೆ ಬಂದ ಮಗುವಿನ ಹಾಗೆ ತನ್ನ ಮನೆಯಲ್ಲೇ ನಾಜೂಕಾಗಿ ಇರತೊಡಗಿತು. ನೀರು ಬೇಕಾದರೆ ಕೇಳಿ ಕುಡಿಯುವುದು, ತಟ್ಟೆ ತಾನೇ ತೊಳೆದಿಡುವುದು, ಜಡೆ ತಾನೇ ಹೆಣೆದುಕೊಳ್ಳುವುದು, ಅದೂ ವಾರೆವಾರೆಯಾಗಿ. ಗುಬ್ಬಿಗೆ ಆ ಜಡೆ ನೋಡಿದಾಗಲೆಲ್ಲ ಕೈ ತುರಿಸುತ್ತಿತ್ತು. ಆದರೂ ಮುಟ್ಟಲಿಲ್ಲ. ಬಲವಂತದಿಂದ ಕೆತ್ತಿದರೆ ಕೊಳವೆಗೇ ಗಾಯವಾಗುತ್ತದೆ ಎಂದು ಕೆಲಸದಲ್ಲಿ ಕಲಿತವಳು ಅವಳು.

ಒಂದು ಸಂಜೆ ಗುಬ್ಬಿ ಕೆಲಸದಿಂದ ಬಂದು, ಹುಬ್ಬು ಕೂದಲೆಲ್ಲ ಬೆಳ್ಳಗೆ ಮಾಡಿಕೊಂಡು ಬಾಗಿಲಲ್ಲಿ ಬಟ್ಟೆ ಕೊಡವುತ್ತಿದ್ದಳು. ಹುಡುಗಿ ಬಹಳ ಹೊತ್ತು ನೋಡಿ ಕೇಳಿತು: "ಅದರೊಳಗೆ ಹೇಗಿರತ್ತೆ?"

ಆವರೆಗೆ ಅವಳನ್ನು ಹಾಗೆ ಕೇಳಿದವರೇ ಇರಲಿಲ್ಲ. ಎಷ್ಟು ಕೊಳವೆ ಆಯಿತು ಎಂದು ಕೇಳುತ್ತಿದ್ದರು, ಇನ್ನೆಷ್ಟು ಹೊತ್ತು ಎಂದು ಕೇಳುತ್ತಿದ್ದರು. ಗುಬ್ಬಿ ಹೇಳಲು ಬಾಯಿ ತೆರೆದಳು. ಮಾತಿನಮಲ್ಲಿಗೇ ಮಾತು ಹೊಳೆಯಲಿಲ್ಲ. "ಬಾ, ತೋರಿಸ್ತೀನಿ," ಎಂದು ಹುಡುಗಿಯ ಕೈ ಹಿಡಿದು ಮಂಚದ ಕೆಳಗೆ ತೂರಿದಳು. ಸುತ್ತಲೂ ಹೊದಿಕೆ ಇಳಿಬಿಟ್ಟು ಟಾರ್ಚು ಹಚ್ಚಿದಳು. ಇಬ್ಬರೂ ಮೊಣಕಾಲು ಗಲ್ಲಕ್ಕೆ ತಾಗಿಸಿ ಕೂತರು.

"ಇಷ್ಟೇ ಜಾಗ. ಇಲ್ಲಿ ಸಾಲಾಗಿ ತೂತುಗಳು. ಈಗ ನಾನಿಲ್ಲಿಂದ ಗುಂಡು ಬಿಡ್ತೀನಿ, ಅಲ್ಲಿ ಕೆಳಗೆ ನಿಮ್ಮಪ್ಪ."

"ಅಪ್ಪ ಏನಂತಾರೆ?"

"ಇನ್ನೇನಂತಾರೆ ನಿಮ್ಮಪ್ಪ?"

ಹುಡುಗಿ ಗಂಟಲು ದಪ್ಪ ಮಾಡಿ "ಹೂಂ" ಎಂದಿತು. ಇಬ್ಬರೂ ಮಂಚ ಅಲ್ಲಾಡುವಷ್ಟು ನಕ್ಕರು. ಫಿಟ್ಟರ್ ಮನೆಗೆ ಬಂದಾಗ ಮಂಚದ ಕೆಳಗಿನಿಂದ ಎರಡು ಜೊತೆ ಪಾದಗಳು ಕಾಣುತ್ತಿದ್ದವು. ಹೆಚ್ಚು ಕಡಿಮೆ ಒಂದೇ ಅಳತೆಯವು.

ಮರುದಿನದಿಂದ ಹುಡುಗಿ ಅವಳನ್ನು ಗುಬ್ಬಿ ಎಂದೇ ಕರೆಯಿತು. ಜಡೆಯನ್ನೂ ಅವಳ ಕೈಗೆ ಒಪ್ಪಿಸಿತು. ಪಕ್ಕದ ಮನೆಯಾಕೆಗೆ ಸಹಿಸಲಿಲ್ಲ. "ಏನಮ್ಮಾ ಇದು, ತಾಯಿ ಸಮಾನ ಆದವಳನ್ನ ಗುಬ್ಬಿ ಅನ್ನೋದಾ? ಅಮ್ಮ ಅನ್ನೋಕೆ ಹೇಳ್ಕೊಡಬಾರದಾ?"

"ಅವಳಿಗೆ ಅಮ್ಮ ಒಬ್ಬಳಿದ್ದಳು," ಎಂದಳು ಗುಬ್ಬಿ. "ಗುಬ್ಬಿ ಇರಲಿಲ್ಲ. ಈಗ ಇದ್ದಾಳೆ."

ಅವಳಿಗೆ ಸ್ವಂತ ಮಕ್ಕಳಾಗಲಿಲ್ಲ. ಅದಕ್ಕೆ ಒಂದೆರಡು ವರ್ಷ ಅತ್ತಳು, ಆಮೇಲೆ ಬಿಟ್ಟಳು. ಹುಡುಗಿ ಓದಿನಲ್ಲಿ ಚುರುಕು. ರಸಾಯನಶಾಸ್ತ್ರ ಓದಿ, ಅದೇ ಕಾರ್ಖಾನೆಯ ನೀರಿನ ಪರೀಕ್ಷೆಯ ವಿಭಾಗಕ್ಕೆ ಸೇರಿಕೊಂಡಳು. ಬಾಯ್ಲರಿಗೆ ಹೋಗುವ ನೀರಿನಲ್ಲಿ ಸುಣ್ಣದ ಅಂಶ ಎಷ್ಟಿದೆ ಎಂದು ನೋಡಿ, ಅದನ್ನು ಮೊದಲೇ ತೆಗೆದುಹಾಕುವ ಕೆಲಸ. "ನೋಡ್ರೀ, ಸಾಕಿದ್ದಕ್ಕೆ ಸರಿಯಾಗಿ ನನ್ನ ಹೊಟ್ಟೆ ಮೇಲೇ ಹೊಡೀತಿದ್ದಾಳೆ," ಎಂದು ಗುಬ್ಬಿ ಸಿಕ್ಕವರ ಮುಂದೆಲ್ಲ ದೂರುತ್ತಿದ್ದಳು. ದೂರುವಾಗ ಮುಖದ ತುಂಬ ಹೆಮ್ಮೆ. ನಿಜಕ್ಕೂ ಆರು ತಿಂಗಳಿಗೊಮ್ಮೆ ತೆರೆಯುತ್ತಿದ್ದ ಬಾಯ್ಲರನ್ನು ವರ್ಷಕ್ಕೊಮ್ಮೆ ತೆರೆದರೆ ಸಾಕು ಎನ್ನುವಂತಾಯಿತು.

ಗುಬ್ಬಿಗೆ ನಲವತ್ತೈದು, ಫಿಟ್ಟರಿಗೆ ಐವತ್ತಮೂರು ಆದ ವರ್ಷದ ಮಾತು ಇನ್ನು ಹೇಳುವುದು. ಮೇಸ್ತ್ರಿ ನಿವೃತ್ತನಾಗಿ ಹೋಗಿ, ಅವನ ಜಾಗಕ್ಕೆ ಸೂಪರ್‌ವೈಸರ್ ಒಬ್ಬ ಬಂದಿದ್ದ. ಕೆಟ್ಟವನಲ್ಲ, ಕಾಲಿಗೆ ಚಕ್ರ ಕಟ್ಟಿಕೊಂಡವನು. ಆ ಸಲ ಬಾಯ್ಲರ್ ಸ್ವಚ್ಛವಾಗಿ, ಗೋಲಿಯ ಪರೀಕ್ಷೆಯೂ ನಡೆದು, ಮಧ್ಯಾಹ್ನದೊಳಗೆ ಕಿಂಡಿ ಮುಚ್ಚಿ ನೀರು ತುಂಬಬೇಕಾಗಿತ್ತು. ಬಣ್ಣದ ವಿಭಾಗದಲ್ಲಿ ಬಟ್ಟೆಯ ರಾಶಿ ಹಬೆಗಾಗಿ ಕಾಯುತ್ತಿತ್ತು.

ಆರನೇ ಸಾಲಿನ ಹನ್ನೊಂದನೇ ಕೊಳವೆಗೆ ಗುಬ್ಬಿ ಗುಂಡು ಬಿಟ್ಟಳು. ಕೆಳಗಿನಿಂದ ಸದ್ದಿಲ್ಲ.

"ಬಂತಾ?"

"ಇಲ್ಲ."

"ಬಿಟ್ಟಿದ್ದೀನಿ ಕಣ್ರೀ."

"ಬರಲಿಲ್ಲ."

ಇಪ್ಪತ್ತಾರು ವರ್ಷದಲ್ಲಿ ಹೀಗೆ ಆದದ್ದು ಮೂರೋ ನಾಲ್ಕೋ ಸಲ. ಆಗೆಲ್ಲ ಬ್ರಶ್ಶು ಇಳಿಸಿದರೆ ಎಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿಯುತ್ತಿತ್ತು. ಈಗ ಬ್ರಶ್ಶು ಸಲೀಸಾಗಿ ಕೆಳಗೆ ಹೋಗಿ ಬಂತು. ನೀರು ಬಿಟ್ಟರೆ ಧಾರೆಯಾಗಿ ಇಳಿಯಿತು. ಇನ್ನೊಂದು ಗುಂಡು ಬಿಟ್ಟರೆ "ಬಂತು". ಮೊದಲಿನದು ಮಾತ್ರ ಮಾಯ. ಉಳಿದ ಸಾಲುಗಳನ್ನೂ ಮುಗಿಸಿ ಹೊರಗೆ ಬಂದು ಎಣಿಸಿದರು: ನೂರ ಎಪ್ಪತ್ತೊಂಬತ್ತು.

"ಮೊದಲೇ ಒಂದು ಕಮ್ಮಿ ಇದ್ದಿರಬೇಕು ಗುಬ್ಬಕ್ಕ," ಎಂದ ಸೂಪರ್‌ವೈಸರ್, ಗಡಿಯಾರ ನೋಡುತ್ತಾ. "ಎಲ್ಲಾ ಕೊಳವೆನೂ ಕ್ಲಿಯರ್ ಇದೆಯಲ್ಲ. ಮುಚ್ಚೋಣ."

"ಬೆಳಿಗ್ಗೆ ನಾನೇ ಎಣಿಸಿದ್ದೀನಿ. ಒಳಗೆ ಹೋಗಿದೆ. ಹೊರಗೆ ಬಂದಿಲ್ಲ. ಹೇಗೆ ಮುಚ್ತೀರಾ?"

"ಒಂದು ಗೋಲಿಗೋಸ್ಕರ ಇಡೀ ಫ್ಯಾಕ್ಟರಿ ನಿಲ್ಲಿಸ್ತೀರಾ?"

"ಹೂಂ," ಎಂದಳು ಗುಬ್ಬಿ, ಕಡ್ಡಿ ಮುರಿದ ಹಾಗೆ. ಪಕ್ಕದಲ್ಲಿದ್ದವರು ಫಿಟ್ಟರನ ಕಡೆ ನೋಡಿ ನಕ್ಕರು. ಹೂಂ ಎನ್ನುವುದು ಅವನ ಸೊತ್ತಲ್ಲವೇ.

ಮತ್ತೆ ಒಳಗೆ ಇಳಿದರು. ಡ್ರಮ್ಮಿನ ಮೂಲೆ ಮೂಲೆಯನ್ನೂ ಕೈಯಾಡಿಸಿ ನೋಡಿದರು. ನೂರ ಎಂಬತ್ತೂ ಕೊಳವೆಗೆ ಮತ್ತೊಮ್ಮೆ ಗುಂಡು ಬಿಟ್ಟರು, ಎಲ್ಲವೂ ಬಂದವು. ಗಂಟೆ ಮೂರಾಯಿತು. ಮ್ಯಾನೇಜರ್ ಎರಡು ಸಲ ಬಂದು, ಬಂದಷ್ಟೇ ಬಿರುಸಿನಲ್ಲಿ ವಾಪಸು ಹೋದ. "ನಾನೇ ಎಲ್ಲೋ ತಪ್ಪಿರಬೇಕು," ಎಂದ ಫಿಟ್ಟರ್ ಮೆಲ್ಲಗೆ. "ನೀವು ತಪ್ಪೋರಲ್ಲ, ಸುಮ್ಮನಿರಿ," ಎಂದು ಗುಬ್ಬಿ ಅವನ ಬಾಯಿ ಮುಚ್ಚಿಸಿದಳು.

ಟೀ ಬಂತು. ಫಿಟ್ಟರ್ ಕೈ ತೊಳೆಯಲು ನಲ್ಲಿಯ ಹತ್ತಿರ ಹೋಗಿ, ಮೊಣಕೈವರೆಗೆ ಮಡಿಸಿದ್ದ ಅಂಗಿಯ ತೋಳನ್ನು ಇನ್ನೂ ಮೇಲಕ್ಕೆ ಸರಿಸಿದ. ಮಡಿಕೆಯಿಂದ ಉಕ್ಕಿನ ಗುಂಡು ಟಣ್ ಎಂದು ಸಿಮೆಂಟು ನೆಲದ ಮೇಲೆ ಬಿದ್ದು, ಎರಡು ಸಲ ಪುಟಿದು, ಉರುಳುತ್ತಾ ಹೋಗಿ ಸೂಪರ್‌ವೈಸರನ ಬೂಟಿಗೆ ತಾಗಿ ನಿಂತಿತು.

ಬಾಯ್ಲರ್ ಮನೆಯ ತಗಡೆಲ್ಲ ನಡುಗುವ ಹಾಗೆ ನಗು ಎದ್ದಿತು. "ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ್ರಂತೆ," ಎಂದ ಸೂಪರ್‌ವೈಸರ್ ಕಣ್ಣೊರೆಸಿಕೊಳ್ಳುತ್ತಾ. ಫಿಟ್ಟರನೂ ನಕ್ಕ. ಕಿಂಡಿ ಮುಚ್ಚಿದರು, ನೀರು ತುಂಬಿದರು, ಬೆಂಕಿ ಹಾಕಿದರು.

ಗುಬ್ಬಿಗೆ ನಗು ಬರಲಿಲ್ಲ. ಅಂಗೈಗೆ ಬಿದ್ದ ಗುಂಡು ಮಣಿಕಟ್ಟಿನ ಮೇಲೆ ಉರುಳಿ ತೋಳಿನ ಮಡಿಕೆಗೆ ಸೇರಬೇಕಾದರೆ ಅಷ್ಟು ದೂರ ಚರ್ಮದ ಮೇಲೇ ಹೋಗಿರಬೇಕು. ಅಷ್ಟು ತಣ್ಣಗಿನ, ಅಷ್ಟು ಭಾರದ ವಸ್ತು ಕೈಮೇಲೆ ಹರಿದರೂ ಮನುಷ್ಯನಿಗೆ ಗೊತ್ತಾಗಲಿಲ್ಲವೆಂದರೆ? ಸಂಜೆ ಅವನು ಮತ್ತೆ ಕೈ ತೊಳೆಯುವಾಗ ನಲ್ಲಿಯ ಕೆಳಗಿದ್ದ ಬೆರಳುಗಳನ್ನು ನೋಡಿದಳು. ತಣ್ಣೀರು ಬಿದ್ದು ತುದಿಗಳೆಲ್ಲ ಮೇಣದ ಹಾಗೆ ಬಿಳಿಚಿಕೊಂಡಿದ್ದವು.

ಅಂದು ಮನೆಯಲ್ಲಿ ಏನೂ ಕೇಳಲಿಲ್ಲ. ಬಲವಂತವಾಗಿ ಹೇಳಿಸಹೋದರೆ ಅವನು ಚಿಪ್ಪಿನೊಳಗೆ ಸೇರಿಕೊಳ್ಳುತ್ತಾನೆಂದು ಅವಳಿಗೆ ಗೊತ್ತು. ಕೂತು ನೆನಪು ಮಾಡಿಕೊಂಡಳು. ಎರಡು ವರ್ಷದಿಂದ ಅವನು ಅಂಗಿಯ ಕುತ್ತಿಗೆಯ ಗುಂಡಿ ಹಾಕುತ್ತಿರಲಿಲ್ಲ, ಸೆಖೆ ಎನ್ನುತ್ತಿದ್ದ. ಚಳಿಗಾಲದಲ್ಲೂ ಸೆಖೆಯೇ? ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದ. ಪತ್ರಿಕೆಯ ಹಾಳೆ ಮಗುಚಲು ಮಗಳನ್ನು ಕರೆಯುತ್ತಿದ್ದ. ಮಗಳ ಮೇಲಿನ ಮುದ್ದು ಎಂದುಕೊಂಡಿದ್ದಳು. ಇಷ್ಟು ದಿನ ಕಣ್ಣೆದುರಿಗೇ ಇದ್ದದ್ದು ಒಂದೂ ಕಾಣಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಮರುದಿನ ರಜೆ. ಬೆಳಗಿನ ಬಿಸಿಲಿಗೆ ಅವನು ಹೊಸ್ತಿಲ ಮೇಲೆ ಕೂತಿದ್ದ. ಗುಬ್ಬಿ ಬಂದು ಪಕ್ಕದಲ್ಲಿ ಕೂತಳು.

"ಕಣ್ಣು ಮುಚ್ಚಿ. ಕೈ ಚಾಚಿ."

"ಯಾಕೆ?"

"ಚಾಚಿ ಅಂದ್ರೆ ಚಾಚಿ."

ಅವನ ಅಂಗೈಯಲ್ಲಿ ಬೀಗದ ಕೈ ಇಟ್ಟಳು. "ಏನಿದು?" ಅವನು ಮಾತಾಡಲಿಲ್ಲ. ಅದನ್ನು ತೆಗೆದು ಒಂದು ಬೆಳ್ಳುಳ್ಳಿ ಎಸಳು ಇಟ್ಟಳು. ಮಾತಿಲ್ಲ. ಅದನ್ನೂ ತೆಗೆದು ಏನೂ ಇಡದೆ "ಈಗ?" ಎಂದಳು. ಮುಚ್ಚಿದ ಕಣ್ಣಿನ ಅಂಚಿನಿಂದ ನೀರು ಇಳಿಯಿತು.

"ಎಷ್ಟು ದಿನದಿಂದ?"

"ಎರಡು ವರ್ಷ ಆಯ್ತು. ಮೊದಲು ತುದಿ ಜುಮ್ ಅಂತಿತ್ತು. ಆಮೇಲೆ ಅದೂ ನಿಂತಿತು. ಗಾಳಿ ಸುತ್ತಿಗೆ ಹಿಡಿದು ಹಿಡಿದು."

"ಎರಡು ವರ್ಷದಿಂದ ಕೆಳಗೆ ಮಲಗಿ ಏನು ಹಿಡೀತಿದ್ರಿ ಹಾಗಾದ್ರೆ?" ಗುಬ್ಬಿಯ ದನಿ ಏರಿತು. "ಒಂದು ಕೊಳವೆ ಕಟ್ಟಿದ್ದು ಗೊತ್ತಾಗದೆ ನೀವು ಬಂತು ಅಂದುಬಿಟ್ಟಿದ್ರೆ? ನಾಳೆ ಅದು ಒಡೆದು ಯಾರಾದ್ರೂ ಸತ್ತಿದ್ರೆ?"

ಅವನು ಕಣ್ಣು ತೆರೆದ. "ಬರದೇ ಇದ್ದದ್ದನ್ನ ಬಂತು ಅಂತ ಯಾವತ್ತೂ ಹೇಳಿಲ್ಲ. ಪ್ರತಿಯೊಂದನ್ನೂ ಕಣ್ಣಿಂದ ನೋಡಿ ಹೇಳಿದ್ದೀನಿ. ನಿನ್ನೆ ಲೈಟು ಪಕ್ಕಕ್ಕೆ ಜಾರಿತ್ತು. ಕಾಣಲಿಲ್ಲ. ಕಾಣಲಿಲ್ಲ, ಅದಕ್ಕೇ ಇಲ್ಲ ಅಂದೆ."

ಅದು ನಿಜವೇ ಆಗಿತ್ತು. ಕಿಂಡಿ ಮುಚ್ಚಲು ಎಲ್ಲರೂ ಅವಸರಪಡಿಸಿದಾಗಲೂ ಕಾಣದ್ದನ್ನು ಅವನು ಬಂತು ಎಂದಿರಲಿಲ್ಲ.

"ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನನ್ನನ್ನ ಅಲ್ಲಿಂದ ತೆಗೀತಿದ್ರು. ನೀನು ಮೇಲೆ ಒಳಗಿರ್ತೀಯ. ಕೆಳಗೆ ಯಾರೋ ಇರ್ತಾರೆ. ಅವರು ಮಾತು ಕೇಳಿಸ್ಕೊಳ್ತಾರೋ ಇಲ್ವೋ. ನೀನು ಕೂಗಿದ್ರೆ ಓಡಿ ಬರ್ತಾರೋ ಇಲ್ವೋ."

ಗುಬ್ಬಿಗೆ ಸಿಟ್ಟು ಇನ್ನೂ ಇತ್ತು, ಆದರೆ ಅದಕ್ಕೆ ನಿಲ್ಲಲು ಜಾಗ ಸಿಗಲಿಲ್ಲ. ಅವನ ಅಂಗಿಯ ಕುತ್ತಿಗೆಯ ಗುಂಡಿ ಹಾಕಿದಳು. "ಇದನ್ನ ಹೇಳಿದ್ರೆ ನಾನು ಹಾಕ್ತಿರಲಿಲ್ವಾ?" ಎಂದು ಗದರಿದಳು. ಒಳಗಿನಿಂದ ಬಂದ ಮಗಳು ಇಬ್ಬರನ್ನೂ ನೋಡಿ, ವಿಷಯ ತಿಳಿದು, ಅಪ್ಪನ ಕೈಯನ್ನು ತನ್ನ ಎರಡೂ ಕೈಯೊಳಗೆ ಇಟ್ಟುಕೊಂಡು ಪಕ್ಕದಲ್ಲಿ ಕೂತಳು.

ಸೋಮವಾರ ಫಿಟ್ಟರ್ ತಾನೇ ಸೂಪರ್‌ವೈಸರನ ಕೋಣೆಗೆ ಹೋದ. ಗುಬ್ಬಿ ಬರುತ್ತೇನೆಂದರೂ ಬೇಡವೆಂದ. ಬಾಗಿಲ ಹೊರಗೆ ನಿಂತು ಅವಳು ಕೇಳಿಸಿಕೊಂಡಳು. "ನನ್ನ ಕೈಗೆ ಸ್ಪರ್ಶ ಇಲ್ಲ ಸಾರ್. ಎರಡು ವರ್ಷದಿಂದ ಇಲ್ಲ. ಹೇಳಬೇಕಿತ್ತು, ಹೇಳಲಿಲ್ಲ. ಅದು ನನ್ನ ತಪ್ಪು. ಗಾಳಿ ಸುತ್ತಿಗೆ ಹಿಡಿಯೋ ಬೇರೆಯವರಿಗೂ ಹೀಗಾಗಿರಬಹುದು, ಅವರೂ ಹೇಳಿರಲ್ಲ. ಕರೆದು ಕೇಳಿ." ಇಷ್ಟು ಮಾತನ್ನು ಅವನು ಒಂದೇ ಸಲಕ್ಕೆ ಆಡಿದ್ದು ಅವಳು ಕೇಳಿರಲಿಲ್ಲ.

ಸೂಪರ್‌ವೈಸರನ ಮುಖ ಸಣ್ಣದಾಯಿತು. ಮೊನ್ನೆಯ ನಗು ಅವನಿಗೂ ನೆನಪಿತ್ತು. "ಫಿಟ್ಟರಣ್ಣ, ನಾನು ಹಾಗೆ ನಗಬಾರದಿತ್ತು," ಎಂದ. ಎಲ್ಲರನ್ನೂ ಡಾಕ್ಟರ ಹತ್ತಿರ ಕಳಿಸಿದರು. ಇನ್ನಿಬ್ಬರಿಗೆ ಬೆರಳ ತುದಿ ಬಿಳಿಚುತ್ತಿರುವುದು ಗೊತ್ತಾಯಿತು. ಸುತ್ತಿಗೆಯನ್ನು ಒಬ್ಬರೇ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯಬಾರದೆಂಬ ನಿಯಮ ಬಂತು. ಒಂದು ವರ್ಷದ ಮೇಲೆ ಆ ಸುತ್ತಿಗೆಯನ್ನೇ ಮೂಲೆಗೆ ಹಾಕಿ, ನೀರಿನ ಒತ್ತಡದಲ್ಲಿ ಸುಣ್ಣ ಹಾರಿಸುವ ಯಂತ್ರ ತರಿಸಿದರು. ಫಿಟ್ಟರಿಗೆ ಡಾಕ್ಟರು ಹೇಳಿದ್ದು: ನಡುಗುವ ಯಂತ್ರ ಮತ್ತೆ ಮುಟ್ಟಬೇಡಿ, ಕೈ ಬೆಚ್ಚಗಿಡಿ, ಹೋದದ್ದು ಎಲ್ಲಾ ಬರುತ್ತದೆಂದು ಹೇಳಲಾರೆ, ಸ್ವಲ್ಪ ಬರಬಹುದು.

ಉಳಿದದ್ದು ಕೆಳಗಿನ ಡ್ರಮ್ಮಿನ ಪ್ರಶ್ನೆ. ಗುಬ್ಬಿ ಮನೆಯಿಂದ ಒಂದು ತಗಡಿನ ಬೋಗುಣಿ ತಂದಳು. ಅದನ್ನು ಅವನ ಕೈಗೆ ಕೊಟ್ಟು, ಮೇಲಿನಿಂದ ಗುಂಡು ಬಿಟ್ಟಳು. ಠಣ್ಣೆಂಬ ಸದ್ದು ಎರಡೂ ಡ್ರಮ್ಮಿಗೆ ಕೇಳಿಸಿತು, ಹೊರಗೆ ನಿಂತ ಸೂಪರ್‌ವೈಸರಿಗೂ ಕೇಳಿಸಿತು. "ಅಂಗೈಗಿಂತ ಇದೇ ಸರಿ," ಎಂದು ಸೂಪರ್‌ವೈಸರ್ ಒಪ್ಪಿದ. "ಮೂರು ಜನಕ್ಕೂ ಲೆಕ್ಕ ಸಿಗತ್ತೆ." ಹೀಗೆ ಫಿಟ್ಟರ್ ನಿವೃತ್ತನಾಗುವವರೆಗೆ, ಇನ್ನೂ ಐದು ವರ್ಷ, ಕೆಳಗಿನ ಡ್ರಮ್ಮಿಗೆ ಬೇರೆ ಯಾರೂ ಇಳಿಯಲಿಲ್ಲ.

ಕೊನೆಯ ಸಲ ಇಬ್ಬರೂ ಒಟ್ಟಿಗೆ ಇಳಿದಾಗ ಮಗಳ ನೀರು ತನ್ನ ಕೆಲಸ ಮಾಡಿತ್ತು. ಕೆರೆಯಲು ಏನೂ ಇರಲಿಲ್ಲ; ಡ್ರಮ್ಮಿನ ಗೋಡೆಯ ಮೇಲೆ ತೆಳ್ಳನೆಯ ಬೂದು ಪುಡಿ, ಬಟ್ಟೆಯಲ್ಲಿ ಒರೆಸಿದರೆ ಹೋಗುವಂಥದ್ದು. ಎರಡು ದಿನದ ಕೆಲಸ ಅರ್ಧ ದಿನಕ್ಕೆ ಮುಗಿಯಿತು. ಹೊರಗೆ ಬರಲು ಇಬ್ಬರಿಗೂ ಅವಸರವಿರಲಿಲ್ಲ. ಗುಬ್ಬಿ ಮೊಣಕಾಲು ಅಪ್ಪಿಕೊಂಡು ಕೂತೇ ಇದ್ದಳು. ಕೆಳಗಿನಿಂದ ಒಂದು ಕೊಳವೆಯಲ್ಲಿ ಅವನ ದನಿ ಬಂತು. ಕೆಲಸ ಬಿಟ್ಟ ಮೇಲೆ ಹಿತ್ತಲಿನ ಗೋಡೆಗೆ ಸುಣ್ಣ ಬಳಿಯಬೇಕು ಎಂದ. ಇಷ್ಟು ವರ್ಷ ಸುಣ್ಣ ಕೆರೆದು ಈಗ ಬಳಿಯೋದಾ ಎಂದು ಅವಳು ಕೇಳಿದಳು. ಅವನು ನಕ್ಕದ್ದು ನೂರ ಎಂಬತ್ತೂ ಕೊಳವೆಯಲ್ಲಿ ಕೇಳಿಸಿತು.

ಈಗ ಇಬ್ಬರೂ ಮನೆಯಲ್ಲಿದ್ದಾರೆ. ಅವನ ನಂತರ ಒಂದೇ ವರ್ಷಕ್ಕೆ ಗುಬ್ಬಿಯೂ ಕೆಲಸ ಬಿಟ್ಟಳು. ಅವಳ ಜಾಗಕ್ಕೆ ಯಾರೂ ಬೇಕಾಗಲಿಲ್ಲ, ಹೊಸ ಯಂತ್ರದ ಮೂತಿಯನ್ನು ಕಿಂಡಿಯ ಹೊರಗೆ ನಿಂತೇ ಒಳಗೆ ಬಿಡುತ್ತಾರೆ. ಬೆಳಿಗ್ಗೆ ಬಿಸಿಲು ಹೊಸ್ತಿಲಿಗೆ ಬರುವ ಹೊತ್ತಿಗೆ ಅವಳು ಬೆಚ್ಚಗೆ ಮಾಡಿದ ಎಣ್ಣೆಯ ಬಟ್ಟಲು ತಂದು ಅವನ ಕೈ ತಿಕ್ಕುತ್ತಾಳೆ. ತಿಕ್ಕಿದ ಮೇಲೆ ಕಣ್ಣು ಮುಚ್ಚಿಸಿ ಒಂದೊಂದೇ ಬೆರಳು ಹಿಡಿದು ಯಾವುದೆಂದು ಕೇಳುತ್ತಾಳೆ. ಡಾಕ್ಟರು ಹೇಳಿದ ಹಾಗೆ ಸ್ವಲ್ಪ ಬಂದಿದೆ. ಹೆಬ್ಬೆರಳು ತಪ್ಪುವುದಿಲ್ಲ, ಕಿರುಬೆರಳೂ ಹೆಚ್ಚು ಕಡಿಮೆ ಸರಿ. ನಡುವಿನವು ಕಷ್ಟ.

ಮೊನ್ನೆ ಮಗಳು ಕೆಲಸಕ್ಕೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಾ ಇದನ್ನು ನೋಡುತ್ತಿದ್ದಳು.

"ಇದು ಯಾವುದು?" ಎಂದು ಗುಬ್ಬಿ ಕೇಳಿದಳು.

ಅವನು ಬಹಳ ಹೊತ್ತು ಯೋಚಿಸಿದ. "ತೋರುಬೆರಳು."

"ಸರಿ."

"ಗುಬ್ಬೀ!" ಎಂದಳು ಮಗಳು. "ಅದು ಮಧ್ಯದ ಬೆರಳಲ್ವಾ?"

"ನಿನ್ನ ಕೆಲಸ ನೀರು ನೋಡೋದು. ನೀನು ನೀರು ನೋಡ್ಕೋ ಹೋಗು," ಎಂದು ಗುಬ್ಬಿ ಕಣ್ಣು ಬಿಟ್ಟಳು.

ಅವನು ಕಣ್ಣು ಮುಚ್ಚಿಕೊಂಡೇ ನಕ್ಕ, ಇನ್ನೊಂದು ಕೈಯನ್ನೂ ಮುಂದೆ ಚಾಚಿದ.